ಹಲ್ಮಿಡಿಯ ವಿಜ ಅರಸ

ಗಡಿಯಲ್ಲಿ ಬಾಳಿ ಗಡಿಯಲ್ಲಿಯೇ ಕಾದಿದ ಸಣ್ಣ ಅರಸರ ಚರಿತ್ರೆ ಬರೆಯಹೊರಟವನಿಗೆ ಮೊದಲು ಎದುರಾಗುವ ತೊಡಕು ಸಾಮಗ್ರಿಯ ಅಭಾವ. ಚಕ್ರವರ್ತಿಗಳಿಗೆ ಆಸ್ಥಾನಕವಿಗಳಿರುತ್ತಾರೆ. ಗಡಿ ಕಾಯುವವನಿಗೆ ಸಾಮಾನ್ಯವಾಗಿ ದೊರೆಯುವುದು ಒಂದು ಸಾಲು. ಅದೂ ಅವನು ಸತ್ತ ಮೇಲೆ.

ಇದಕ್ಕೆ ನಿದರ್ಶನ ಬೇಕಾದರೆ ಐರೋಪ್ಯ ಚರಿತ್ರೆಯಲ್ಲಿ ರೋಲಾಂಡನನ್ನು ನೋಡಬಹುದು. ಫ್ರಾಂಕರ ದೊರೆ ಷಾರ್ಲಮೇನನು 778ರಲ್ಲಿ ಸ್ಪೇನಿನ ದಂಡಯಾತ್ರೆಯಿಂದ ಹಿಂದಿರುಗುತ್ತಿದ್ದಾಗ, ಪಿರನೀಸ್ ಪರ್ವತದ ಇಕ್ಕಟ್ಟಾದ ಕಣಿವೆಯಲ್ಲಿ ಬಾಸ್ಕ್ ಜನರು ಸೈನ್ಯದ ಹಿಂದಳದ ಮೇಲೆ ಬಿದ್ದು ಎಲ್ಲರನ್ನೂ ಕೊಂದರು. ದೊರೆಯ ಚರಿತ್ರೆಯನ್ನು ಬರೆದ ಐನ್‌ಹಾರ್ಡನು ಮಡಿದವರಲ್ಲಿ ಮೂವರ ಹೆಸರು ಹೇಳುತ್ತಾನೆ. ಮೂರನೆಯವನೇ ಬ್ರಿಟನಿ ಗಡಿಯ ಅಧಿಕಾರಿ ರೋಲಾಂಡ್. ಅವನ ವಿಷಯದಲ್ಲಿ ಚರಿತ್ರಕಾರನ ಮಾತು ಅಲ್ಲಿಗೆ ಮುಗಿಯಿತು. ಆ ಗ್ರಂಥದ ಕೆಲವು ಹಸ್ತಪ್ರತಿಗಳಲ್ಲಿ ಈ ಹೆಸರೂ ಇಲ್ಲ! ಸುಮಾರು ಮುನ್ನೂರು ವರ್ಷಗಳು ಕಳೆದ ಮೇಲೆ ಆ ಒಂದು ಹೆಸರಿನ ಮೇಲೆ 4000 ಸಾಲುಗಳ ವೀರಗಾಥೆಯೊಂದು ಕಟ್ಟಲ್ಪಟ್ಟಿತು. ಅದರಲ್ಲಿ ಬಾಸ್ಕರು ಮಾಯವಾಗಿ ಅವರ ಸ್ಥಾನದಲ್ಲಿ ಮುಸಲ್ಮಾನ ಸೈನ್ಯಗಳು ಬಂದು ನಿಂತವು. ರೋಲಾಂಡನು ಎಷ್ಟು ಭೂಮಿಯನ್ನು ಅನುಭವಿಸುತ್ತಿದ್ದನು, ಅದನ್ನು ಅವನಿಗೆ ಯಾರು ಯಾರ ಎದುರಿನಲ್ಲಿ ಕೊಟ್ಟರು, ಅದನ್ನು ಯಾರು ಕಿತ್ತುಕೊಂಡಾರೆಂದು ಅವನಿಗೆ ಅಂಜಿಕೆಯಿತ್ತು, ಇವೊಂದನ್ನೂ ಗಾಥೆಯಿಂದ ತಿಳಿಯುವಂತಿಲ್ಲ.

ಈ ಪ್ರಶ್ನೆಗಳಿಗೆಲ್ಲ ಉತ್ತರ ದೊರೆಯುವ ಗಡಿವೀರನೊಬ್ಬನು ನಮ್ಮ ಹಾಸನದ ಸೀಮೆಯಲ್ಲಿದ್ದನು. ರೋಲಾಂಡನಿಗಿಂತ ಅವನು ಸುಮಾರು ಮುನ್ನೂರು ವರ್ಷ ಹಿರಿಯನು. ಅವನ ಮೇಲೆ ಯಾರೂ ಗಾಥೆ ಕಟ್ಟಲಿಲ್ಲ. ಅವನ ಹೆಸರು ವಿಜ ಅರಸ. ಹೆಸರು ಕೇಳಿದೊಡನೆ ಗುರುತು ಹತ್ತದವರಿಗೆ ಹಲ್ಮಿಡಿಯ ಶಾಸನವೆಂದರೆ ಒಡನೆಯೇ ಗುರುತು ಹತ್ತುವುದು.

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಈ ಕಲ್ಲನ್ನು ಬೆಳಕಿಗೆ ತಂದರು. ಮೇಲ್ಭಾಗದಲ್ಲಿ ಚಕ್ರದ ಗುರುತು, ಕೆಳಗೆ 16 ಸಾಲುಗಳ ಬರಹ. ನೋಡುವುದಕ್ಕೆ ಅಂಥ ಭವ್ಯವಾದ ಶಿಲೆಯೇನೂ ಅಲ್ಲ. ಒಬ್ಬ ಮಗುವಿನಷ್ಟು ಎತ್ತರ. ಕಾಲ ಸುಮಾರು ಕ್ರಿ. ಶ. 450 ಎಂಬುದು ಬಹುಜನರ ಅಭಿಪ್ರಾಯ. ಇನ್ನಷ್ಟು ಈಚೆಗೆ ತರಬೇಕೆನ್ನುವ ವಿದ್ವಾಂಸರೂ ಇದ್ದಾರೆ. ಕನ್ನಡದ ಮೊತ್ತಮೊದಲ ಶಾಸನವೆಂಬ ಕೀರ್ತಿ ಬಹುಕಾಲ ಇದಕ್ಕೇ ಸಂದಿತ್ತು. ತಾಳಗುಂದದ ಉತ್ಖನನದಲ್ಲಿ ದೊರೆತು 2013ರಿಂದೀಚೆಗೆ ಚರ್ಚೆಗೆ ಬಂದ ಬರಹವು ಇದಕ್ಕೂ ಹಿಂದಿನದೆಂದು ಹೇಳಲಾಗಿದೆ. ಹಿರಿತನದ ವ್ಯಾಜ್ಯ ತಜ್ಞರಿಗಿರಲಿ. ಈ ಕೀರ್ತಿಯಿಂದ ಒಂದು ಅನ್ಯಾಯವೂ ಆಗಿದೆ. ಶಾಸನದ ವಿಭಕ್ತಿ ಪ್ರತ್ಯಯಗಳನ್ನು ನಾವು ಎಣಿಸಿದಷ್ಟು ಶ್ರದ್ಧೆಯಿಂದ, ಅದನ್ನು ಯಾರಿಗಾಗಿ ಕೊರೆದರೋ ಆ ಮನುಷ್ಯನನ್ನು ವಿಚಾರಿಸಲಿಲ್ಲ. ಮಕ್ಕಳ ಪಠ್ಯಪುಸ್ತಕಗಳಲ್ಲಿ ಹಲ್ಮಿಡಿಯುಂಟು, ವಿಜ ಅರಸನಿಲ್ಲ.

ಅವನ ಬಾಳನ್ನು ಅರಿಯಲು ನೆಲವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಬೇಲೂರಿನ ಮೈದಾನವನ್ನು ಬಿಟ್ಟು ಹೇಮಾವತಿಯನ್ನು ದಾಟಿ ಸಕಲೇಶಪುರದ ಕಡೆಗೆ ಹೋದರೆ ನೆಲ ಏಳುತ್ತ ಬೀಳುತ್ತ ಮಲೆಯಾಗುತ್ತದೆ. ಬೆಟ್ಟದ ಮಡಿಲುಗಳಲ್ಲಿ ಮಾತ್ರ ಮಟ್ಟಸವಾದ ಗದ್ದೆಬಯಲು. ಆ ಮಲೆಯಲ್ಲಿ ಹೆಗ್ಗದ್ದೆಯೆಂಬ ಊರಿದೆ. ಹಿರಿದಾದ ಗದ್ದೆಯೇ ಹೆಗ್ಗದ್ದೆ. ಊರಿಗೆ ದೇವರ ಹೆಸರನ್ನಾಗಲಿ ದೊರೆಯ ಹೆಸರನ್ನಾಗಲಿ ಇಡದೆ ಒಂದು ಗದ್ದೆಯ ಹೆಸರನ್ನಿಟ್ಟರೆಂದರೆ, ಈ ಸೀಮೆಯಲ್ಲಿ ನೀರು ನಿಲ್ಲುವ ಮಟ್ಟಸವಾದ ನೆಲಕ್ಕೆ ಎಷ್ಟು ಬೆಲೆಯಿದ್ದಿತೆಂಬುದನ್ನು ಊಹಿಸಬಹುದು. ಕಾಡು ಎಲ್ಲೆಲ್ಲಿಯೂ ಉಂಟು, ಗದ್ದೆ ಅಪರೂಪ. ಅಲ್ಲಿಂದ ಪಶ್ಚಿಮಕ್ಕೆ ಘಟ್ಟ ಕಡಿದಾಗಿ ಇಳಿದು ತುಳುನಾಡನ್ನು ಸೇರುತ್ತದೆ. ಘಟ್ಟದ ಕೆಳಗೆ ಬಹು ಪ್ರಾಚೀನ ಕಾಲದಿಂದ ಆಳಿದವರು ಆಳುಪರು.

ಮೇಲುಸೀಮೆಗೂ ಕಡಲಿಗೂ ನಡುವೆ ಇರುವ ಈ ಮಲೆಯ ನಾಡು ಎಂದಿಗೂ ಗಡಿಯೇ. ಹೊಯ್ಸಳರು ‘ಮಲೆಪರೊಳ್ ಗಂಡ’ ಎಂಬ ಬಿರುದನ್ನು ಧರಿಸಿ ಮೇಲಕ್ಕೆ ಬಂದದ್ದು ಈ ಬೆಟ್ಟಗಳ ಸಾಲಿನಿಂದಲೇ. ಟೀಪು ಸುಲ್ತಾನನು 1792ರಲ್ಲಿ ಸಕಲೇಶಪುರದ ಬಳಿ ಎಂಟು ಮೂಲೆಯ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದ್ದು ಈ ದಾರಿಯನ್ನು ಕಾಯುವುದಕ್ಕೆ. ಇಲ್ಲಿನ ಬಲಂ ಪಾಳೆಯಗಾರನನ್ನು ಆರ್ಥರ್ ವೆಲ್ಲೆಸ್ಲಿಯು 1802ರಲ್ಲಿ ಹಿಡಿಸಿ ಗಲ್ಲಿಗೇರಿಸಿದನು. ಇಂಗ್ಲಿಷರಲ್ಲಿ ಮಾರ್ಕ್ವೆಸ್ ಎಂಬ ಪದವಿಯುಂಟಷ್ಟೆ. ಅದರ ಮೂಲಾರ್ಥ ಗಡಿನಾಡಿನ ಒಡೆಯ ಎಂದು. ಷಾರ್ಲಮೇನನ ಕಾಲದ ಗಡಿ ಸರದಾರರಿಂದಲೇ ಆ ಹೆಸರು ಇಳಿದು ಬಂದಿದೆ. ಮಲೆನಾಡಿನ ಗಡಿಯೊಡೆಯನನ್ನು ನೇಣಿಗೆ ಹಾಕಿಸಿದ ವೆಲ್ಲೆಸ್ಲಿಗೆ ಹತ್ತು ವರ್ಷಗಳ ಅನಂತರ, 1812ರಲ್ಲಿ, ಅದೇ ಪದವಿ ಬಂದಿತು. ಚರಿತ್ರೆಗೆ ವಿನೋದಪ್ರಜ್ಞೆ ಇಲ್ಲವೆನ್ನುವವರು ಇದನ್ನು ಗಮನಿಸಬೇಕು.

ಇನ್ನು ಶಾಸನಕ್ಕೆ ಬರೋಣ. ಮೊದಲು ಅಚ್ಯುತನ ಸ್ತುತಿಯ ಒಂದು ಸಂಸ್ಕೃತ ಶ್ಲೋಕ. ಅನಂತರ ಕದಂಬ ಕುಲದ ಕಾಕುಸ್ಥನು ಆಳುತ್ತಿದ್ದನೆಂಬ ಮಾತು. ಅವನ ಕೆಳಗೆ ನರಿದಾವಿಳೆ ನಾಡಿನಲ್ಲಿ ಮೃಗೇಶ, ನಾಗ ಎಂಬಿಬ್ಬರು ಅಧಿಕಾರದಲ್ಲಿದ್ದರು. ಒಬ್ಬನ ಹೆಸರು ಸಿಂಹದ್ದು, ಇನ್ನೊಬ್ಬನದು ಆನೆಯದು, ಆ ಎರಡು ಮೃಗಗಳಂತೆಯೇ ಭಯಂಕರರೆಂಬ ಹೊಗಳಿಕೆಯನ್ನು ಶಾಸನಕಾರನು ಬಿಟ್ಟಿಲ್ಲ. ಮುಂದೆ ಆಳುಪ ಗಣದ ಪಶುಪತಿಯ ಪ್ರಶಂಸೆ. ದಕ್ಷಿಣಾಪಥದ ನೂರಾರು ಯುದ್ಧಗಳನ್ನು ಯಜ್ಞಗಳೆಂದು ಕಲ್ಪಿಸಿ, ಅವುಗಳಲ್ಲಿ ಶತ್ರುಗಳನ್ನು ಪಶುಗಳಂತೆ ಆಹುತಿ ಕೊಟ್ಟವನೆಂದು ಅವನನ್ನು ಕೊಂಡಾಡಿದೆ. ಇದಿಷ್ಟೂ ಉದ್ದುದ್ದವಾದ ಸಂಸ್ಕೃತ ಸಮಾಸಗಳಲ್ಲಿ ಉರುಳಿಕೊಂಡು ಬರುತ್ತದೆ. ಗಟ್ಟಿಯಾಗಿ ಓದಿದರೆ ಉಸಿರು ಕಟ್ಟುತ್ತದೆ.

ಈ ಅಲಂಕಾರದ ಕಾಡನ್ನು ದಾಟಿದ ಮೇಲೆ ನಮ್ಮವನು ಕಾಣಿಸಿಕೊಳ್ಳುತ್ತಾನೆ. ಭಟರಿ ಕುಲದ ಪ್ರೀತಿಯ ಮಗನಾದ ವಿಜ ಅರಸನು, ಸೇಂದ್ರಕ ಮತ್ತು ಬಾಣ ಎಂಬ ಎರಡು ದೇಶಗಳ ವೀರರ ಸಮಕ್ಷಮದಲ್ಲಿ, ಕೇಕಯ ಪಲ್ಲವರೊಡನೆ ಕಾದಿ ಜಯವನ್ನು ಪಡೆದನು. ಅದಕ್ಕಾಗಿ ಅವನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ‘ಬಾಳ್ಗಳ್ಚು’ ಆಗಿ ಕೊಟ್ಟರು.

ಸಮಕ್ಷಮದಲ್ಲಿ ಎಂಬ ಮಾತನ್ನು ನಾವು ಹಗುರವಾಗಿ ದಾಟಬಾರದು. ಸೇಂದ್ರಕರು ಇಂದಿನ ಶಿವಮೊಗ್ಗದ ಸೀಮೆಯ ಕಡೆಯವರು. ಬಾಣರು ಪೂರ್ವದಲ್ಲಿ ಕೋಲಾರದ ಆಚೀಚಿನವರು. ಆಳುಪರು ಘಟ್ಟದ ಕೆಳಗಿನವರು. ಒಂದೇ ಕಲ್ಲಿನಲ್ಲಿ ಬನವಾಸಿಯ ದೊರೆ, ಕಡಲ ತೀರದ ಕುಲ, ಪೂರ್ವದ ಮಿತ್ರರು, ತಮಿಳುನಾಡಿನ ಶತ್ರುಗಳು, ಎಲ್ಲರೂ ಸೇರಿದ್ದಾರೆ. ಹಲ್ಮಿಡಿಯು ಕುಗ್ರಾಮವಾಗಿದ್ದರೆ ಇಷ್ಟು ಜನರ ಹೆಸರಿಗೆ ಅಲ್ಲಿ ಏನು ಕೆಲಸ? ಆ ಕಾಲದಲ್ಲಿ ರಾಜ್ಯವೆಂದರೆ ನಕ್ಷೆಯ ಮೇಲೆ ಎಳೆದ ಗೆರೆಯಲ್ಲ. ಇಂಥ ಕುಲಗಳು ಒಂದು ಕಡೆ ಕೂಡಿ ನಿಲ್ಲುವವರೆಗೆ ರಾಜ್ಯ, ಚದುರಿದರೆ ಅದೂ ಇಲ್ಲ.

ಚದುರುವುದೂ ಅಪರೂಪವಲ್ಲ. ದಾವಣಗೆರೆಯ ಬಳಿಯ ಆಣಜಿಯಲ್ಲಿ ಇನ್ನೊಂದು ಪ್ರಾಚೀನ ಶಾಸನವಿದೆ. ಪಲ್ಲವ ನಣಕ್ಕಾಸನಿಗೂ ಕೃಷ್ಣವರ್ಮನಿಗೂ ನಡೆದ ಘೋರ ಯುದ್ಧವನ್ನು ಅದು ಹೇಳುತ್ತದೆ. ಕೃಷ್ಣವರ್ಮನ ಸೈನ್ಯ ಮುರಿದು ಓಡಿದಾಗ, ಅವನ ಪಕ್ಷದ ಶಿವನಂದವರ್ಮನೆಂಬವನು ಬದುಕಿ ಉಳಿಯಲೊಲ್ಲದೆ ದರ್ಭೆಯ ಹಾಸಿಗೆಯಲ್ಲಿ ಮಲಗಿ ಪ್ರಾಣ ಬಿಡಲು ನಿಶ್ಚಯಿಸಿದನು. ಈತನು ಯಾವ ಕುಲದವನು ಬಲ್ಲಿರಾ? ಕೇಕಯ ಕುಲದವನು! ಹಲ್ಮಿಡಿಯಲ್ಲಿ ಪಲ್ಲವರ ಜೊತೆ ಸೇರಿಸಿ ಶತ್ರುಗಳೆಂದು ಹೆಸರಿಸಿರುವ ಕೇಕಯರು, ಆಣಜಿಯಲ್ಲಿ ಪಲ್ಲವರಿಗೆ ಎದುರಾಗಿ ಸೋತು ದರ್ಭೆಯ ಮೇಲೆ ಮಲಗುತ್ತಾರೆ. ಗಡಿಯ ಕುಲಗಳಿಗೆ ನಿಷ್ಠೆಯೇ ಇರಲಿಲ್ಲವೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಸೋಲಿನ ಬಳಿಕ ಬದುಕಲಾರೆನೆಂದು ಮಲಗಿದವನಿಗೆ ನಿಷ್ಠೆಯಿಲ್ಲವೆನ್ನುವವರು ಯಾರು? ನಿಷ್ಠೆಯಿತ್ತು, ಆದರೆ ಅದು ಮನೆಮನೆಗೆ, ತಲೆಮಾರು ತಲೆಮಾರಿಗೆ ಹೊಸದಾಗಿ ಗಳಿಸಿಕೊಳ್ಳಬೇಕಾದ ನಿಷ್ಠೆ. ಅದನ್ನು ಗಳಿಸುವ ಸಾಧನವೇ ಭೂಮಿ.

ಬಾಳ್ಗಳ್ಚು ಎಂಬ ಮಾತಿನ ಅರ್ಥ ಇಲ್ಲಿ ಸ್ಫುಟವಾಗುತ್ತದೆ. ಬಾಳ್ ಎಂದರೆ ಖಡ್ಗ, ಕಳ್ಚುವುದೆಂದರೆ ತೊಳೆಯುವುದು. ಯುದ್ಧದಿಂದ ಹಿಂದಿರುಗಿದ ವೀರನ ಕತ್ತಿಯ ರಕ್ತವನ್ನು ತೊಳೆದು ಕೊಡುವ ಮಾನ್ಯ. ಫ್ರಾಂಕರ ದೊರೆಗಳೂ ಸೇವೆಗೆ ಪ್ರತಿಯಾಗಿ ಭೂಮಿ ಕೊಡುತ್ತಿದ್ದರು. ಅದಕ್ಕೆ ಅವರು ಲ್ಯಾಟಿನ್ನಿನಲ್ಲಿ ಇಟ್ಟ ಹೆಸರು ಉಪಕಾರ ಎಂಬರ್ಥದ್ದು, ದೊರೆ ದಯೆಯಿಂದ ಮಾಡಿದ ಉಪಕಾರ. ನಮ್ಮ ಮಾತಿನಲ್ಲಿ ದಯೆಯ ಸೋಂಕಿಲ್ಲ. ಕೊಟ್ಟವನ ಔದಾರ್ಯವನ್ನಲ್ಲ, ಪಡೆದವನ ಕತ್ತಿಯನ್ನೇ ಅದು ಮುಂದಿಡುತ್ತದೆ. ರಕ್ತ ಮೊದಲು, ಭೂಮಿ ಆಮೇಲೆ. ನನಗೆ ತೋರುವಂತೆ ಇಷ್ಟು ನಿರ್ದಾಕ್ಷಿಣ್ಯವಾಗಿ ಲೆಕ್ಕ ಹೇಳುವ ಶಬ್ದ ರಾಜನೀತಿಯ ಭಾಷೆಯಲ್ಲಿ ಬೇರೆ ವಿರಳ.

ಇಲ್ಲಿಯೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ ಬರುತ್ತದೆ. ಶಾಸನದಲ್ಲಿ ಸಂಸ್ಕೃತ ಎಲ್ಲಿದೆ, ಕನ್ನಡ ಎಲ್ಲಿದೆ ಎಂಬುದನ್ನು ಸ್ವಲ್ಪ ವಿಂಗಡಿಸಿ ನೋಡಿರಿ. ಹೊಗಳಿಕೆಯೆಲ್ಲ ಸಂಸ್ಕೃತ. ಕುಲವೆಂಬ ಆಕಾಶ, ಅದರಲ್ಲಿ ಚಂದ್ರ, ಯುದ್ಧವೆಂಬ ಯಜ್ಞ, ಎಲ್ಲವೂ ಸಂಸ್ಕೃತ. ಆದರೆ ಆಳುವುದು, ಕಾದುವುದು, ಪಡೆಯುವುದು, ಕೊಡುವುದು, ಬಿಡುವುದು, ಅಳಿಯುವುದು, ಈ ಕ್ರಿಯಾಪದಗಳೆಲ್ಲ ಕನ್ನಡ. ಊರುಗಳ ಹೆಸರು ಕನ್ನಡ. ಮಾನ್ಯದ ಹೆಸರು ಕನ್ನಡ. ಅಂದರೆ ಯಾವ ಮಾತು ತಪ್ಪಿದರೆ ಭೂಮಿಯೇ ಕೈತಪ್ಪುವುದೋ ಆ ಮಾತಿಗೆಲ್ಲ ಕನ್ನಡವೇ ಬೇಕಾಯಿತು.

ಅದೇ ಕದಂಬರ ತಾಳಗುಂದದ ಸ್ತಂಭವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಕಾಕುಸ್ಥವರ್ಮನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಆ ಶಾಸನವು ಮನೋಹರವಾದ ಸಂಸ್ಕೃತ ಕಾವ್ಯ. ರಾಜವಂಶದ ಮೂಲವನ್ನೂ ಕೀರ್ತಿಯನ್ನೂ ಅದು ದೂರದೂರದ ಪಂಡಿತರಿಗೆ ಸಾರುತ್ತದೆ. ದೊರೆಗೆ ಬೇಕಾದ ಓದುಗರು ಅವರೇ. ವಿಜ ಅರಸನಿಗೆ ಬೇಕಾದವರು ಬೇರೆ. ಪಲ್ಮಿಡಿಯ ಒಕ್ಕಲು, ಮೂಳಿವಳ್ಳಿಯ ಹಿರಿಯರು, ಸುಂಕ ಎತ್ತಲು ಬರುವವನು, ಪಕ್ಕದ ನಾಡಿನ ಸಣ್ಣ ಒಡೆಯ. ಇವರಲ್ಲಿ ಓದು ಬಲ್ಲವನೊಬ್ಬನು ಗಟ್ಟಿಯಾಗಿ ಓದಿದರೆ ಉಳಿದವರಿಗೆ ಕಿವಿಯಿಂದಲೇ ತಿಳಿಯಬೇಕು: ಏನು ಕೊಟ್ಟರು, ಏನು ಬಿಟ್ಟರು, ಕಿತ್ತುಕೊಂಡವನಿಗೆ ಏನಾಗುವುದು.

ಫ್ರಾಂಕರ ನಾಡಿನಲ್ಲಿಯೂ ಇದೇ ಬಗೆಯ ಸಂಗತಿಯೊಂದು ನಡೆದಿದೆ. ಷಾರ್ಲಮೇನನ ಮೊಮ್ಮಕ್ಕಳಾದ ಚಾರ್ಲ್ಸ್ ಮತ್ತು ಲೂಯಿ ಇಬ್ಬರೂ 842ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಒಡಂಬಡಿಕೆ ಮಾಡಿಕೊಂಡು ತಮ್ಮ ತಮ್ಮ ಸೈನ್ಯಗಳ ಎದುರಿನಲ್ಲಿ ಆಣೆಯಿಟ್ಟರು. ಅದನ್ನು ದಾಖಲಿಸಿದ ನಿಠಾರ್ಡನು ಪಂಡಿತನು, ಚಕ್ರವರ್ತಿಯ ಮಗಳ ಮಗನು. ತನ್ನ ಗ್ರಂಥವನ್ನೆಲ್ಲ ಲ್ಯಾಟಿನ್ನಿನಲ್ಲಿ ಬರೆದನು. ಆಣೆಯ ಮಾತುಗಳನ್ನು ಮಾತ್ರ ಸೈನಿಕರು ಆಡುತ್ತಿದ್ದ ಎರಡು ದೇಶಭಾಷೆಗಳಲ್ಲಿ ಹಾಗೆಯೇ ಇಳಿಸಿದನು. ಫ್ರೆಂಚ್ ಭಾಷೆಯ ಅತ್ಯಂತ ಪ್ರಾಚೀನವಾದ ಬರಹವೆಂದು ಇಂದು ತೋರಿಸುವುದು ಆ ಕೆಲವು ಸಾಲುಗಳನ್ನೇ. ಒಂದು ಕಡೆ ಆಣೆ, ಒಂದು ಕಡೆ ಮಾನ್ಯ. ಎರಡು ಕಡೆಯಲ್ಲಿಯೂ ಕತ್ತಿ ಹಿಡಿದವರ ನೆನಪಿಗೆ ಕಟ್ಟುಬೀಳಿಸುವ ಮಾತು. ಹಲ್ಮಿಡಿಯಲ್ಲಿ ಆ ಅವಶ್ಯಕತೆ ಸುಮಾರು ನಾಲ್ಕು ನೂರು ವರ್ಷ ಮುಂಚೆಯೇ ಉಂಟಾಗಿದ್ದಿತು.

ವಿಜ ಅರಸನ ಅಂಜಿಕೆ ಯಾರ ಕಡೆಯಿಂದ ಎಂಬುದನ್ನೂ ಕಲ್ಲು ಹೇಳುತ್ತದೆ. ಪಲ್ಲವರು ಮರಳಿ ಬಂದಾರೆಂದು ಅದರಲ್ಲಿಲ್ಲ. ಈ ಮಾನ್ಯವನ್ನು ಭಟರಿ ಕುಲದವನಾಗಲಿ ಅಳಕದಂಬನಾಗಲಿ ಕಳೆದರೆ ಅವನಿಗೆ ಮಹಾಪಾತಕ ಎಂದಿದೆ. ಭಟರಿ ಕುಲವೆಂದರೆ ಅವನದೇ ಮನೆತನ. ಕದಂಬರೆಂದರೆ ಅವನ ಒಡೆಯರ ಬಳಗ. ಯುದ್ಧಭೂಮಿಯಲ್ಲಿ ಎರಡು ದೇಶಗಳ ವೀರರು ನೋಡುತ್ತಿರುವಂತೆ ಶತ್ರುವನ್ನು ಗೆದ್ದವನಿಗೆ ಊರಿಗೆ ಬಂದ ಮೇಲೆ ದಾಯಾದಿಗಳಿಂದಲೂ ಒಡೆಯರಿಂದಲೂ ರಕ್ಷಣೆ ಬೇಕಾಗಿದ್ದಿತು. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯಗಳನ್ನು ಕಂಡ ಯಾವ ಗ್ರಾಮಸ್ಥನೂ ಇದರಿಂದ ಆಶ್ಚರ್ಯಪಡಲಾರನು.

ಮುಂದಿನ ಸಾಲುಗಳು ಅವನ ಬಾಳಿನಲ್ಲಿ ಇನ್ನೊಂದು ಹೆಜ್ಜೆಯನ್ನು ತಿಳಿಸುತ್ತವೆ. ಪಡೆದವನು ಈಗ ತಾನೇ ಬಿಡುವವರಲ್ಲಿ ಒಬ್ಬನಾಗುತ್ತಾನೆ. ಪಲ್ಮಿಡಿಗೆ ‘ಕುರುಂಬಿಡಿ’ ಎಂಬ ತೆರಿಗೆಯನ್ನು ಬಿಟ್ಟವರ ಜೊತೆಯಲ್ಲಿ ವಿಜ ಅರಸನ ಹೆಸರಿದೆ. ಕೊನೆಗೆ ಬ್ರಾಹ್ಮಣರಿಗೆ ಗದ್ದೆಯ ಹತ್ತನೆಯ ಒಂದು ಪಾಲನ್ನು ಕರವಿಲ್ಲದೆ ಬಿಟ್ಟ ವಿಷಯವಿದೆ. ಇದು ಕೇವಲ ಧರ್ಮಶ್ರದ್ಧೆಯೋ, ಅಥವಾ ತನ್ನ ಮಾನ್ಯದೊಳಗೆ ದೇವಬ್ರಾಹ್ಮಣರ ಪಾಲೊಂದನ್ನು ನಾಟಿದರೆ ಕಿತ್ತುಕೊಳ್ಳುವವನ ಕೈ ಇನ್ನಷ್ಟು ಹಿಂಜರಿಯುವುದೆಂಬ ಎಣಿಕೆಯೋ? ಎರಡೂ ಇರಬಹುದು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದಕ್ಕೆ ಆ ಕಾಲದವರಿಗೆ ಸಂಕೋಚವಿರಲಿಲ್ಲವೆಂದು ನನ್ನ ಭಾವನೆ.

ಈ ಬಾಳ್ಗಳ್ಚು ಒಂದು ಬಾರಿಯ ವಿಚಿತ್ರವಾಗಿರಲಿಲ್ಲ. ಐದು ನೂರು ವರ್ಷಗಳ ಅನಂತರ ಮಂಡ್ಯ ಸೀಮೆಯ ಆತಕೂರಿನ ಕಲ್ಲಿನಲ್ಲಿ ಅದೇ ಮಾತು ಮತ್ತೆ ಬರುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದಾಗ ಗಂಗ ಬೂತುಗನು ರಾಜಾದಿತ್ಯನನ್ನು ಕೊಂದನು. ಬೂತುಗನ ಮುಂದೆ ನಿಂತು ಕಾದಿದವನು ಮಣಲೆರ. ಬೂತುಗನಿಗೆ ಚಕ್ರವರ್ತಿಯು ಬನವಾಸಿ ಹನ್ನಿರ್ಛಾಸಿರವೇ ಮೊದಲಾದ ದೊಡ್ಡ ನಾಡುಗಳನ್ನು ಕೊಟ್ಟನು. ಬೂತುಗನು ಮಣಲೆರನಿಗೆ ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ ಕೊಟ್ಟನು. ಕ್ರಿ. ಶ. 949-50ರ ಈ ಶಾಸನದಲ್ಲಿ ಇನ್ನೊಂದು ವಿಶೇಷವುಂಟು. ಮೆಚ್ಚಿದೆ, ಬೇಡಿಕೋ ಎಂದು ಒಡೆಯನು ಹೇಳಿದಾಗ ಮಣಲೆರನು ಬೇಡಿದ್ದು ನಾಡನ್ನಲ್ಲ, ಹೊನ್ನನ್ನಲ್ಲ. ಬೂತುಗನ ಬಳಿಯಲ್ಲಿದ್ದ ಕಾಳಿ ಎಂಬ ಬೇಟೆನಾಯನ್ನು.

ಆ ನಾಯನ್ನು ಅವನು ಬೆಳತೂರಿನ ಪಶ್ಚಿಮದ ಬೆಟ್ಟದಲ್ಲಿ ಒಂದು ಹೆಬ್ಬಂದಿಯ ಮೇಲೆ ಬಿಟ್ಟನು. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತವು. ಚಲ್ಲೇಶ್ವರ ಗುಡಿಯ ಮುಂದೆ ನಾಯಿಗಾಗಿ ಕಲ್ಲನ್ನು ನಿಲ್ಲಿಸಿದರು; ಕಲ್ಲಿನ ಮೇಲೆ ಹಂದಿಗೂ ನಾಯಿಗೂ ನಡೆದ ಕಾಳಗದ ಚಿತ್ರವಿದೆ. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿಯನ್ನು ಅದಕ್ಕೆ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಬರೆಸಿದರು. ಅರಸನ ಕತ್ತಿಗೆ ಹನ್ನೆರಡು ಊರು, ಅವನ ನಾಯಿಗೆ ಕೆರೆಯ ಕೆಳಗಿನ ಎರಡು ಖಂಡುಗ. ಋಣದ ಲೆಕ್ಕದಲ್ಲಿ ನಾಯಿಯನ್ನೂ ಬಿಡದ ಜನ!

ಆತಕೂರಿನ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿತು. ಹಲ್ಮಿಡಿಯ ಕಲ್ಲು ಮೈಸೂರಿಗೆ ಹೋಯಿತು. ಊರಿನಲ್ಲಿ ಅದರ ಪ್ರತಿಕೃತಿಯೊಂದನ್ನು ನಿಲ್ಲಿಸಿದ್ದಾರೆ. ಪಕಾರವು ಹಕಾರವಾಗಿ ಪಲ್ಮಿಡಿಯು ಹಲ್ಮಿಡಿಯಾದದ್ದನ್ನು ಬಿಟ್ಟರೆ ಊರಿನ ಹೆಸರು ಅಂದಿನದೇ. ಬೇಲೂರಿನ ದೇವಾಲಯವನ್ನು ನೋಡಲು ಬರುವವರು ಅರ್ಧ ದಿನ ಉಳಿಸಿಕೊಂಡರೆ ಅಲ್ಲಿಗೂ ಹೋಗಿಬರಬಹುದು. ಹೋದವರು ಚಕ್ರದ ಗುರುತನ್ನೂ ಮೊದಲಿನ ಶ್ಲೋಕವನ್ನೂ ನೋಡಿ ಹಿಂದಿರುಗದೆ, ಅವನ ಹೆಸರಿರುವ ಸಾಲಿನವರೆಗೆ ಕೆಳಕ್ಕೆ ಓದಬೇಕೆಂದು ನನ್ನ ಕೋರಿಕೆ.